ಪೂಲ್‌ಮಾನ್, ವೆರಿಫೈಯರ್, ಎಕ್ಸ್‌ಪರ್ಫ್: ಡ್ರೈವರ್‌ನ ಮೆಮೊರಿ ಲೀಕ್ ಹಿಡಿಯಲು ಯಾವುದು?

ಡ್ರೈವರ್ ಎಂದರೆ ಒಂದು ಉಪಕರಣವನ್ನು ವಿಂಡೋಸ್ ಜೊತೆ ಮಾತಾಡಿಸುವ ಪ್ರೋಗ್ರಾಂ; ಪಡೆದ ಮೆಮೊರಿಯನ್ನು ಅದು ಹಿಂದೆ ಕೊಡದಿದ್ದರೆ ಅದೇ ಲೀಕ್. ವಿಂಡೋಸ್ ಡ್ರೈವರ್‌ಗೆ ಸರ್ಟಿಫಿಕೇಶನ್ ಮಾಡಿಸುವವರಲ್ಲಿ ತುಂಬಾ ಜನ, ಡ್ರೈವರ್‌ನ ತಪ್ಪು ಹಿಡಿಯುವ ವಿಂಡೋಸ್‌ನದೇ ಸಾಧನ ಡ್ರೈವರ್ ವೆರಿಫೈಯರ್ ಒಂದನ್ನೇ ನಂಬಿಕೊಂಡಿರುತ್ತಾರೆ. ಅದೊಂದೇ ಸಾಲದು; ಮೆಮೊರಿ ಲೆಕ್ಕ ತೋರಿಸುವ ಪೂಲ್‌ಮಾನ್, ನಡೆದದ್ದನ್ನು ರೆಕಾರ್ಡ್ ಮಾಡುವ ಎಕ್ಸ್‌ಪರ್ಫ್ ಕೂಡ ಬೇಕು. ಬದಿಯಡ್ಕದ ಮನೆಯಲ್ಲಿ ಕೂತು, ಅಡಿಕೆ ಅಂಗಡಿಯ ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಯುಎಸ್‌ಬಿ ಡ್ರೈವರ್ ಮೇಲೆ ಮೂರನ್ನೂ ಓಡಿಸಿ ನೋಡಿದ್ದೇನೆ.

ವೆರಿಫೈಯರ್‌ನಲ್ಲಿ ಪೂಲ್ (ಡ್ರೈವರ್‌ಗಳು ಮೆಮೊರಿ ಪಡೆಯುವ ಜಾಗ) ಟ್ರ್ಯಾಕಿಂಗ್ ಆನ್ ಮಾಡಿದರೆ, ಡ್ರೈವರ್ ಅನ್‌ಲೋಡ್ ಆಗುವಾಗ ಒಂದೇ ಒಂದು ತುಣುಕು ಮೆಮೊರಿ ಉಳಿದಿದ್ದರೂ ಸಿಸ್ಟಮ್ ನಿಲ್ಲುತ್ತದೆ. ಆಗ ನೀಲಿ ಪರದೆಯಲ್ಲಿ ಬರುವ ತಪ್ಪಿನ ಸಂಖ್ಯೆ, ಅಂದರೆ ಬಗ್‌ಚೆಕ್, ಸಿ4; ಮೊದಲ ಪ್ಯಾರಾಮೀಟರ್ 62, ನಾಲ್ಕನೆಯದರಲ್ಲಿ ಎಷ್ಟು ಅಲೊಕೇಶನ್ (ಪಡೆದ ಮೆಮೊರಿ ತುಣುಕು) ಉಳಿದಿವೆ ಎಂಬ ಲೆಕ್ಕ. ಡಿಬಗ್ಗರ್‌ನಲ್ಲಿ ವೆರಿಫೈಯರ್ 3 ಎಂದು ಡ್ರೈವರ್ ಹೆಸರು ಕೊಟ್ಟರೆ ಪಟ್ಟಿಯೇ ಬರುತ್ತದೆ. ಸಣ್ಣ ಲೀಕ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇದು ಬಾಡಿಗೆ ಮನೆ ಖಾಲಿ ಮಾಡುವ ದಿನ ಮಾತ್ರ ಸಾಮಾನು ಎಣಿಸುವ ಮಾಲೀಕನ ಹಾಗೆ. ನಡುವೆ ಏನಾಯಿತು ಅಂತ ಕೇಳುವುದಿಲ್ಲ.

ಆ ನಡುವೆಯೇ ನಮ್ಮ ತೊಂದರೆ ಇತ್ತು. ಸರ್ಟಿಫಿಕೇಶನ್‌ಗೆ ಬಳಸುವ ಮೈಕ್ರೋಸಾಫ್ಟ್‌ನ ಹಾರ್ಡ್‌ವೇರ್ ಲ್ಯಾಬ್ ಕಿಟ್‌ನ ಉದ್ದದ ಟೆಸ್ಟ್‌ಗಳಲ್ಲಿ ಯಂತ್ರ ನಿಧಾನವಾಗುತ್ತಿತ್ತು, ವೆರಿಫೈಯರ್ ಮಾತ್ರ ತೆಪ್ಪಗಿತ್ತು. ಪೂಲ್‌ಮಾನ್ ತೆರೆದು ಬಿ ಒತ್ತಿ ಬೈಟ್‌ಗಳ ಪ್ರಕಾರ ಸಾಲು ಮಾಡಿದರೆ, ನಮ್ಮ ಟ್ಯಾಗ್‌ನ (ಪಡೆದ ಮೆಮೊರಿಗೆ ಡ್ರೈವರ್ ಅಂಟಿಸುವ ಗುರುತು) ಎದುರು ಅಲೊಕ್ (ಪಡೆದ ಲೆಕ್ಕ) ಏರುತ್ತಿದೆ, ಫ್ರೀ (ಬಿಟ್ಟ ಲೆಕ್ಕ) ಏರುತ್ತಲೇ ಇಲ್ಲ, ಡಿಫ್ (ಎರಡರ ವ್ಯತ್ಯಾಸ) ಮಾತ್ರ ಪ್ರತಿ ಸಲ ದೊಡ್ಡದಾಗುತ್ತಿದೆ! ಕಾರಣ ಇಷ್ಟೇ: ಪ್ರತಿ ರೀಡ್ ರಿಕ್ವೆಸ್ಟ್‌ಗೂ ಡಬ್ಲ್ಯುಡಿಎಫ್ (ಡ್ರೈವರ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಫ್ರೇಮ್‌ವರ್ಕ್) ಮೆಮೊರಿ ಆಬ್ಜೆಕ್ಟ್ ಸೃಷ್ಟಿಸುವಾಗ ಪೇರೆಂಟ್, ಅಂದರೆ ಯಾರು ಅಳಿದಾಗ ಇದೂ ಅಳಿಯಬೇಕು, ಎಂದು ಹೇಳಿರಲಿಲ್ಲ. ಹೇಳದಿದ್ದರೆ ಡ್ರೈವರ್ ಆಬ್ಜೆಕ್ಟೇ ಪೇರೆಂಟ್, ಆದ್ದರಿಂದ ಅನ್‌ಲೋಡ್ ಆಗುವ ತನಕ ಮೆಮೊರಿ ಅಲ್ಲೇ ಬಿದ್ದಿರುತ್ತದೆ, ಅನ್‌ಲೋಡ್ ಹೊತ್ತಿಗೆ ಫ್ರೇಮ್‌ವರ್ಕ್ ಎಲ್ಲವನ್ನೂ ಗುಡಿಸಿ ಹಾಕುತ್ತದೆ, ವೆರಿಫೈಯರ್‌ಗೆ ಕಾಣುವುದು ಚೊಕ್ಕ ಮನೆ. ಪೇರೆಂಟ್ ಜಾಗದಲ್ಲಿ ಆ ರಿಕ್ವೆಸ್ಟ್ ಅನ್ನೇ ಕೊಟ್ಟರೆ, ರಿಕ್ವೆಸ್ಟ್ ಮುಗಿದಾಗ ಮೆಮೊರಿಯೂ ಬಿಡುಗಡೆ ಆಗುತ್ತದೆ.

ಪೂಲ್‌ಮಾನ್‌ಗೂ ಮಿತಿ ಇದೆ, ಅಲ್ವಾ? ಅದು ನಾಲ್ಕು ಅಕ್ಷರದ ಟ್ಯಾಗ್ ತೋರಿಸಿ ನಿಲ್ಲುತ್ತದೆ. ಯಾವ ಸಾಲಿನ ಕೋಡ್ ಅಂತ ಹೇಳುವುದಿಲ್ಲ. ಇಡೀ ಡ್ರೈವರ್‌ಗೆ ಒಂದೇ ಟ್ಯಾಗ್ ಇಟ್ಟವರಿಗೆ ಇಲ್ಲಿಂದ ಮುಂದೆ ಬರೀ ಕತ್ತಲು.

ಆಗ ಎಕ್ಸ್‌ಪರ್ಫ್ ಬೇಕು. ಪೂಲ್ ಅಲೊಕ್, ಪೂಲ್ ಫ್ರೀ ಎರಡಕ್ಕೂ ಸ್ಟ್ಯಾಕ್‌ವಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ ದಾಖಲಿಸುವುದು) ಹಾಕಿ, ಪೂಲ್‌ಮಾನ್ ಕೊಟ್ಟ ಟ್ಯಾಗ್ ಒಂದನ್ನೇ ರೆಕಾರ್ಡ್ ಮಾಡಿ. ಸುಮ್ನೆ ಎಲ್ಲವನ್ನೂ ರೆಕಾರ್ಡ್ ಮಾಡಿದರೆ ಫೈಲ್ ಊದಿಕೊಳ್ಳುತ್ತದೆ. ಆಮೇಲೆ ರೆಕಾರ್ಡಿಂಗ್ ತೆರೆದು ನೋಡುವ ವಿಂಡೋಸ್ ಪರ್ಫಾರ್ಮೆನ್ಸ್ ಅನಲೈಸರ್‌ನಲ್ಲಿ ಎಐಎಫ್‌ಒ ಎಂಬ ಗುಂಪು ನೋಡಿ: ರೆಕಾರ್ಡಿಂಗ್ ಒಳಗೆ ಪಡೆದು, ಒಳಗೆ ಬಿಡದೇ ಇದ್ದವು. ಸ್ಟ್ಯಾಕ್ ಬಿಚ್ಚುತ್ತಾ ಹೋದರೆ ಫಂಕ್ಷನ್ ಹೆಸರೇ ಸಿಗುತ್ತದೆ, ಸಿಂಬಲ್ ಫೈಲ್ (ವಿಳಾಸಗಳನ್ನು ಫಂಕ್ಷನ್ ಹೆಸರಿಗೆ ಹೊಂದಿಸುವ ಫೈಲ್) ಸರಿಯಾಗಿದ್ದರೆ. ಕಲಿಯಲು ಮೂರರಲ್ಲಿ ಇದೇ ಕಷ್ಟ.

ನನ್ನ ಕೈ ಈಗ ಮೊದಲು ಹೋಗುವುದು ಪೂಲ್‌ಮಾನ್‌ಗೆ. ಟೆಸ್ಟ್ ಓಡುತ್ತಿರುವಾಗಲೇ ನೋಡಬಹುದು. ಸುಳಿವು ಸಿಕ್ಕರೆ ಎಕ್ಸ್‌ಪರ್ಫ್. ವೆರಿಫೈಯರ್ ಅಂತೂ ಬರೆಯಲು ಶುರು ಮಾಡಿದ ದಿನದಿಂದಲೇ ಆನ್ ಇರಲಿ. ಮಂಗಳೂರಿನಲ್ಲಿ ಓದಿ ಬಂದ ನಮ್ಮ ಕಾಸರಗೋಡಿನ ಹುಡುಗರು ಈ ಕೆಲಸ ಹಿಡಿಯುತ್ತಿದ್ದರೆ ಇನ್ನೊಂದು ಮಾತು: ಮಳೆಗಾಲದಲ್ಲಿ ಟೆಸ್ಟ್ ಯಂತ್ರಕ್ಕೂ ಟೆಸ್ಟ್ ನಡೆಸುವ ಕಂಟ್ರೋಲರ್ ಕಂಪ್ಯೂಟರಿಗೂ ಯುಪಿಎಸ್ ಹಾಕಿಸಿಯೇ ರೆಕಾರ್ಡಿಂಗ್ ಶುರು ಮಾಡಿ. ಕರೆಂಟ್ ಹೋದರೆ ನಿಲ್ಲಿಸಿ ಉಳಿಸದ ಟ್ರೇಸ್ (ಆ ರೆಕಾರ್ಡಿಂಗ್) ಕೈಗೆ ಸಿಗುವುದಿಲ್ಲ.