ಜೆಜೆಎಂ ಹಸ್ತಾಂತರ: ಸಹಿ ಹಾಕುವ ಮೊದಲು ನೆಲ ಅಗೆಸಿ ನೋಡಿ

ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ (ಜೆಜೆಎಂ) ಕಾಮಗಾರಿ ಮುಗಿದ ಊರುಗಳಲ್ಲಿ ಹಸ್ತಾಂತರದ ಕಾಗದ ಗ್ರಾಮ ಪಂಚಾಯಿತಿಗೆ ಬರುತ್ತದೆ. ಗುತ್ತಿಗೆದಾರನಿಗೆ ಕೊನೇ ಬಿಲ್ ಆಗಬೇಕು, ಮೇಲಿನವರಿಗೆ ಪ್ರಗತಿ ತೋರಿಸಬೇಕು. ಅಧ್ಯಕ್ಷರು, ಪಿಡಿಒ, ನೀರು ಮತ್ತು ನೈರ್ಮಲ್ಯ ಸಮಿತಿಯವರು ದಯವಿಟ್ಟು ಆ ಅವಸರಕ್ಕೆ ಒಳಗಾಗಬೇಡಿ.

ಬಯಲುಸೀಮೆಯ ಒಂದು ಪಂಚಾಯಿತಿಯ ಪಾಡು ಕೇಳಿ. ಟ್ಯಾಂಕಿನ ಪಕ್ಕದ ನಾಲ್ಕು ಮನೆಯ ನಲ್ಲಿ ತಿರುಗಿಸಿ ನೀರು ತೋರಿಸಿದರು, ಸಹಿ ಆಯಿತು. ಬೇಸಿಗೆಯಲ್ಲಿ ಮೇಲಿನ ಕೇರಿಗೆ ನೀರೇ ಏರಲಿಲ್ಲ. ಅಗೆಸಿದರೆ, ಮೂರು ಅಡಿ ಆಳದ ಲೆಕ್ಕ ಬರೆದ ಕಡೆ ಪೈಪ್ ಒಂದಡಿಯಲ್ಲೇ ಸಿಕ್ಕಿತು, 75 ಮಿ.ಮೀ. ಬದಲು 63 ಮಿ.ಮೀ. ಹಾಕಿದ್ದರು. ಕೇರಿಗಳನ್ನು ಬೇರ್ಪಡಿಸುವ ವಾಲ್ವ್ ಸಿಸಿ ರಸ್ತೆಯಡಿ ಮುಚ್ಚಿಹೋಗಿತ್ತು, ಅದು ಎಲ್ಲಿದೆಯೆಂದು ತೋರಿಸುವ ನಕ್ಷೆಯೂ ಇಲ್ಲ. ಎಲ್ಲಿ ಸೋರಿದರೂ ಇಡೀ ಊರಿನ ನೀರು ನಿಲ್ಲಿಸಬೇಕು. ರಸ್ತೆ ಒಡೆದು ಮತ್ತೆ ಹಾಕಿಸಿದ ಖರ್ಚು ಪಂಚಾಯಿತಿಯ ತಲೆಗೇ ಬಂತು.

ಆದ್ದರಿಂದ ಪರೀಕ್ಷೆ ಅತಿ ದೂರದ, ಅತಿ ಎತ್ತರದ ಮನೆಯಲ್ಲೇ ಆಗಲಿ, ಅದೂ ಬೆಳಿಗ್ಗೆ ಊರೆಲ್ಲ ನೀರು ಹಿಡಿಯುವ ಹೊತ್ತಿಗೆ. ಯೋಜನೆಯ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ಐದು ಜನರ ಮನೆಗೆ 275 ಲೀಟರ್. ಒಂದು ಗಂಟೆ ನೀರು ಬಿಡುವುದಾದರೆ 15 ಲೀಟರಿನ ಬಕೆಟ್ ಮೂರೂಕಾಲು ನಿಮಿಷದೊಳಗೆ ತುಂಬಬೇಕು. ತುಂಬದಿದ್ದರೆ ಆ ಮನೆಗೆ ಯೋಜನೆ ಮುಟ್ಟಿಲ್ಲ. ಮೂರು ನಾಲ್ಕು ಕಡೆ ನೀವೇ ಜಾಗ ಆರಿಸಿ ಅಗೆಸಿ. ಪೈಪಿನ ಮೇಲೆ ಅಚ್ಚಾದ ಅಳತೆ ಮತ್ತು ಒತ್ತಡದ ದರ್ಜೆಯನ್ನು ಎಸ್ಟಿಮೇಟಿಗೆ ತಾಳೆ ನೋಡಿ.

ಎಲ್ಲಕ್ಕಿಂತ ಅಪಾಯದ್ದು ಚರಂಡಿಯೊಳಗೆ ಹಾದುಹೋದ ಪೈಪ್. ಅಗೆಯುವ ಕೂಲಿ ಉಳಿಸಲು ಹೀಗೆ ಮಾಡುತ್ತಾರೆ. ನೀರು ಬಿಟ್ಟಾಗ ಏನೂ ಗೊತ್ತಾಗುವುದಿಲ್ಲ. ನಿಲ್ಲಿಸಿದ ಮೇಲೆ ಪೈಪ್ ಖಾಲಿಯಾಗುತ್ತಾ ಸಡಿಲ ಜಾಯಿಂಟಿನಿಂದ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಅದೇ ನೀರು ಮೊದಲ ಬಿಂದಿಗೆಗೆ ಬೀಳುತ್ತದೆ. ವಾಂತಿಭೇದಿ ಶುರುವಾಗುವುದು ಹೀಗೆಯೇ. ಪೈಪನ್ನು ಚರಂಡಿಯ ಮೇಲಕ್ಕೆತ್ತಿ, ದಾಟುವ ಜಾಗದಲ್ಲಿ ಜಾಯಿಂಟ್ ಇಲ್ಲದಂತೆ, ಕಬ್ಬಿಣದ ಕೊಳವೆಯೊಳಗೆ ಹಾಯಿಸುವವರೆಗೆ ಸಹಿ ಬೇಡ. ಈ ಒಂದು ವಿಷಯದಲ್ಲಿ ಯಾರ ಮುಲಾಜಿಗೂ ಒಳಗಾಗಬೇಡಿ.

ಕ್ಲೋರಿನ್ ಹಾಕುವುದನ್ನು ನೀರುಗಂಟಿಗೆ ಮೊದಲೇ ಕಲಿಸಬೇಕು. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿ.ಗ್ರಾಂ. ಲೆಕ್ಕದಲ್ಲಿ, ಶೇ 33 ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ ಸುಮಾರು 300 ಗ್ರಾಂ ಸಾಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಶೇ 25ಕ್ಕೆ ಇಳಿದಿದ್ದರೆ 400 ಗ್ರಾಂ ಬೇಕು. ಪುಡಿಯನ್ನು ನೇರ ಸುರಿಯಬಾರದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು.

ಇನ್ನು ಕರೆಂಟ್. 7.5 ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು 7 ಯೂನಿಟ್ ಎಳೆಯುತ್ತದೆ. ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 1,700 ಯೂನಿಟ್ ಹತ್ತಿರ. ಅದನ್ನು ನಿಮ್ಮ ದರಕ್ಕೆ ಗುಣಿಸಿ, ನಿಜವಾಗಿ ವಸೂಲಾಗುವ ನೀರಿನ ಕರದ ಪಕ್ಕ ಇಟ್ಟು ನೋಡಿ. 15ನೇ ಹಣಕಾಸು ಆಯೋಗ 2021–26ರ ಪಂಚಾಯಿತಿ ಅನುದಾನದಲ್ಲಿ ಶೇ 60ನ್ನು ನೀರು, ನೈರ್ಮಲ್ಯಕ್ಕೆಂದೇ ಅರ್ಧರ್ಧ ಮೀಸಲಿಟ್ಟಿತು, ನಿಜ. ಆದರೆ ಅನುದಾನ ಕಂತಿನಲ್ಲಿ ಬರುತ್ತದೆ, ಮೋಟಾರ್ ಕಂತು ನೋಡಿ ಸುಡುವುದಿಲ್ಲ. ಹಸ್ತಾಂತರದ ದಿನದ ಮೀಟರ್ ರೀಡಿಂಗನ್ನು ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆ ಸಮೇತ ಜಂಟಿಯಾಗಿ ಬರೆದಿಡಿ. ಇಲ್ಲವಾದರೆ ಹಳೇ ಬಾಕಿಯೂ ಪಂಚಾಯಿತಿಯದ್ದೇ ಆಗುತ್ತದೆ.

ವಾಲ್ವ್ ಗುರುತಿಸಿದ ನಕ್ಷೆ, ಬೋರ್‌ವೆಲ್ ಆಳ, ಎಷ್ಟು ಪೈಪ್ ಇಳಿಸಿದ್ದಾರೆ, ಮೋಟಾರ್ ಪಂಪ್ ಎಷ್ಟು ಸ್ಟೇಜಿನದು (ನೀರೆತ್ತುವ ಚಕ್ರಗಳು ಎಷ್ಟು), ವಾರಂಟಿ ಕಾರ್ಡ್: ಇವೆಲ್ಲ ಕೈಗೆ ಬರಲಿ. ಇವಿಲ್ಲದೆ ಮೋಟಾರ್ ಸುಟ್ಟರೆ ಅಂಗಡಿಯವ ಕೊಟ್ಟದ್ದನ್ನು ತರಬೇಕಾಗುತ್ತದೆ. ಅದು ಆ ಆಳಕ್ಕೆ ನೀರೆತ್ತದಿದ್ದರೆ ದುಡ್ಡು ದಂಡ.

ಬಾಯಿಮಾತಿನ ‘ಆಮೇಲೆ ಮಾಡಿಸಿಕೊಡ್ತೀವಿ’ ನಂಬಬೇಡಿ. ಬಾಕಿ ಕೆಲಸದ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಈಗಾಗಲೇ ಸಹಿ ಹಾಕಿದ್ದರೆ ಕರಾರಿನ ದೋಷ ಹೊಣೆ ಅವಧಿ (ಕೆಲಸದ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಯಾವಾಗ ಮುಗಿಯುತ್ತದೆ ನೋಡಿ, ಅದರೊಳಗೆ ಫೋಟೊ ಸಮೇತ ಕಾರ್ಯಪಾಲಕ ಎಂಜಿನಿಯರರಿಗೆ ನೋಂದಾಯಿತ ಅಂಚೆಯಲ್ಲಿ ದೂರು ಕಳಿಸಿ, ಜಿಲ್ಲಾ ಪಂಚಾಯಿತಿ ಸಿಇಒಗೆ ಪ್ರತಿ ಹಾಕಿ, ಗುತ್ತಿಗೆದಾರನ ಠೇವಣಿ ಬಿಡುಗಡೆ ತಡೆಹಿಡಿಯುವಂತೆ ಕೇಳಿ.