ಮನೆ ವಾಕ್‌ಥ್ರೂ ಮಾಡೋಕೆ ಟ್ವಿನ್‌ಮೋಷನ್ನಾ, ಬ್ಲೆಂಡರಾ?

ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಸೈಟ್ ಇರೋ ಕ್ಲೈಂಟ್‌ಗೆ ಮುಂದಿನ ವಾರನೇ ವಾಕ್‌ಥ್ರೂ (ಕಟ್ಟೋ ಮುಂಚೆನೇ ಮನೆಯೊಳಗೆ ನಡೆದಾಡಿದ ಹಾಗೆ ಕಾಣೋ ಕಂಪ್ಯೂಟರ್ ವಿಡಿಯೋ) ತೋರಿಸ್ಬೇಕು ಅಂದ್ರೆ ಯೋಚ್ನೆನೇ ಬೇಡ, ಇಂಥ ವಿಡಿಯೋ ಬೇಗ ಮಾಡೋ ಟ್ವಿನ್‌ಮೋಷನ್ ಸಾಫ್ಟ್‌ವೇರ್ ತಗೊಳ್ಳಿ. ಸ್ಕೆಚ್‌ಅಪ್ ಅಥವಾ ರೆವಿಟ್‌ನಲ್ಲಿ (ಮನೆ ಡಿಸೈನ್ ಮಾಡೋ ಸಾಫ್ಟ್‌ವೇರ್‌ಗಳು) ಮಾಡಿದ 3ಡಿ ಮಾಡೆಲ್ ಹಾಕಿ ಮರ, ಜನ, ಕಾರು ಎಳೆದು ಬಿಟ್ರೆ ಆಯ್ತು, ಅವ್ರು ಪಕ್ಕದಲ್ಲೇ ಕೂತು "ಕಾಂಪೌಂಡ್ ಬಣ್ಣ ಬೇರೆ ಮಾಡಿ ಸಾರ್" ಅಂದ್ರೆ ಅಲ್ಲೇ ಮಾಡ್ಬೋದು (ಅಂದೇ ಅಂತಾರೆ). ಲುಮಿಯಾನ್ ಕೂಡ ಇದೇ ಥರ, ಆದ್ರೆ ದುಡ್ಡು ಕೊಡ್ಬೇಕು, ವಿಂಡೋಸ್ ಬಿಟ್ರೆ ಓಡಲ್ಲ.

ಬ್ಲೆಂಡರ್ ಕಥೆನೇ ಬೇರೆ. ಎಲ್ಲ ಥರದ 3ಡಿ ಕೆಲ್ಸಕ್ಕೂ ಆಗೋ ಸಾಫ್ಟ್‌ವೇರ್, ಪೂರ್ತಿ ಫ್ರೀ, ಕಲಿಯೋಕೆ ಮಾತ್ರ ತಾಳ್ಮೆ ಬೇಕು ಕಣ್ರೀ. ಅದ್ರ ಸೈಕಲ್ಸ್ ರೆಂಡರರ್ (ಮಾಡೆಲ್‌ನಿಂದ ಚಿತ್ರ ಮಾಡೋ ಭಾಗ) ಬೆಳಕು ಎಲ್ಲಿ ಬಡಿದು ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕುತ್ತೆ, ಹಾಗಾಗಿ ನಮ್ ಕಡೆ ತೊಟ್ಟಿ ಮನೆ ತೋರಿಸ್ಬೇಕಂದ್ರೆ ಮೇಲಿಂದ ಬಿದ್ದ ಬಿಸಿಲು ಕೆಂಪು ನೆಲಕ್ಕೆ ತಾಗಿ ಸುಣ್ಣದ ಗೋಡೆಗೆ ಸ್ವಲ್ಪ ಕೆಂಪು ಹತ್ತೋದು, ಕಂಬದ ಹಿಂದೆ ನೆರಳು ಮೆತ್ತಗಾಗೋದು, ಎಲ್ಲ ಬರುತ್ತೆ. ನನ್ನ ಓಟು ಇದಕ್ಕೇ.

ಆದ್ರೆ ಟೈಮು! ಸೆಕೆಂಡಿಗೆ 25 ಫ್ರೇಮ್ (ವಿಡಿಯೋದ ಬಿಡಿ ಚಿತ್ರ) ಅಂದ್ರೆ 1 ನಿಮಿಷಕ್ಕೆ 1,500, ಒಂದೊಂದಕ್ಕೆ 4 ನಿಮಿಷ ಹಿಡಿದ್ರೆ 100 ಗಂಟೆ, ಮಧ್ಯೆ ಕರೆಂಟ್ ಬೇರೆ ಹೋಗುತ್ತೆ, ಅದಕ್ಕೇ ನೇರವಾಗಿ ವಿಡಿಯೋ ಮಾಡದೆ ಪಿಎನ್‌ಜಿ ಫ್ರೇಮ್‌ಗಳಾಗಿ ಸೇವ್ ಮಾಡಿ, ನಿಂತಲ್ಲಿಂದ ಮುಂದುವರಿಸ್ಬೋದು. ಅಷ್ಟು ಟೈಮ್ ಇಲ್ವಾ, ಬ್ಲೆಂಡರಲ್ಲೇ ಈವೀ ಅನ್ನೋ ಇನ್ನೊಂದು ರೆಂಡರರ್ ಇದೆ, ಬೇಗ ಮುಗಿಯುತ್ತೆ. ಟ್ವಿನ್‌ಮೋಷನ್‌ನಲ್ಲೂ ಸೈಕಲ್ಸ್ ಥರ ಬೆಳಕಿನ ಲೆಕ್ಕ ಹಾಕೋ ಪಾತ್ ಟ್ರೇಸರ್ ಇದೆ, ಆನ್ ಮಾಡಿದ್ರೆ ಅದೂ ನಿಧಾನವೇ. ಯಾವ್ದೇ ಆಗ್ಲಿ, ಮೊದ್ಲು ಒಳ್ಳೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಎತ್ತಿಡಿ.