ಮೇಲ್ ಪೂರ್ತಿ ಡಿಸ್ಕಿನಲ್ಲೇ ಇರಬೇಕು: ಥಂಡರ್‌ಬರ್ಡ್, ಆಫ್‌ಲೈನ್‌ಐಮ್ಯಾಪ್, ಎಂಬಿಸಿಂಕ್

ನೆಟ್ ಇಲ್ಲದಿದ್ದರೂ ಹಳೆಯ ಮೇಲ್ ಹುಡುಕಲು ಸಿಗಬೇಕು, ಓದಿದ್ದು, ಅಳಿಸಿದ್ದು ನೆಟ್ ಬಂದಮೇಲೆ ಸರ್ವರ್‌ಗೂ ಗೊತ್ತಾಗಬೇಕು. ಬ್ರೌಸರಿನಲ್ಲಿ ಸಿಗುವ ಜಿಮೇಲ್ ಆಫ್‌ಲೈನ್ ಹೆಚ್ಚೆಂದರೆ 90 ದಿನದ ಮೇಲ್ ಇಟ್ಟುಕೊಳ್ಳುತ್ತದೆ. ಅದು ನನಗೆ ಸಾಲದು. ಅದಕ್ಕೇ ಮೂರು ಪ್ರೋಗ್ರಾಂ ನೋಡಿದೆ: ಮೇಲ್ ಓದಿ ಬರೆಯುವ ಥಂಡರ್‌ಬರ್ಡ್, ಮತ್ತೆ ಸರ್ವರ್‌ನ ಮೇಲನ್ನು ಡಿಸ್ಕಿಗೆ ತಂದು ಎರಡೂ ಕಡೆ ಸರಿಹೊಂದಿಸುವ ಆಫ್‌ಲೈನ್‌ಐಮ್ಯಾಪ್, ಎಂಬಿಸಿಂಕ್.

ಸುಲಭ ಅಂದರೆ ಥಂಡರ್‌ಬರ್ಡೇ. ಲಾಗಿನ್ ಆದರೆ ಮುಗಿಯಿತು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಬರೀ ಓದಿ ಉತ್ತರಿಸುವವರು ಇಲ್ಲಿಗೇ ನಿಲ್ಲಬಹುದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಹಿಡಿಸದ್ದು ಒಂದೇ: ಬೇರೆ ಹೇಳದಿದ್ದರೆ ಒಂದು ಫೋಲ್ಡರಿನ ಮೇಲ್‌ಗಳೆಲ್ಲ ಎಂಬಾಕ್ಸ್ ಅನ್ನೋ ಮಾದರಿಯ ಒಂದೇ ಫೈಲಿಗೆ ಹೋಗುತ್ತವೆ. ಒಂದು ಪುಟ್ಟ ಮೇಲ್ ಬಂದರೂ ಅಷ್ಟು ದೊಡ್ಡ ಫೈಲೇ ಬದಲಾದಂತೆ, ಬ್ಯಾಕಪ್ ಪ್ರೋಗ್ರಾಂ ಅದನ್ನೆಲ್ಲ ಮತ್ತೆ ಓದಬೇಕು.

ಉಳಿದೆರಡೂ ಮೇಲ್‌ಡಿರ್ ಅನ್ನೋ ಮಾದರಿ ಬಳಸುತ್ತವೆ, ಒಂದು ಮೇಲ್‌ಗೆ ಒಂದು ಫೈಲ್. ಓದಿದ ಗುರುತೂ ಫೈಲ್ ಹೆಸರಿನ ಕೊನೆಯಲ್ಲೇ ಇರುತ್ತದೆ. ಮೇಲ್ ಹುಡುಕುವ ನಾಟ್‌ಮಚ್ ಅನ್ನೋ ಪ್ರೋಗ್ರಾಂ ಸೇರಿಸಿಕೊಂಡರೆ ಹುಡುಕಾಟ ಕ್ಷಣದಲ್ಲಿ ಮುಗಿಯುತ್ತದೆ.

ಆಫ್‌ಲೈನ್‌ಐಮ್ಯಾಪ್ ಪೈಥಾನ್ ಭಾಷೆಯಲ್ಲಿ ಬರೆದದ್ದು. ಫೋಲ್ಡರ್ ಹೆಸರು ಬದಲಿಸಲು ಕಾನ್ಫಿಗ್‌ನಲ್ಲೇ (ಸೆಟ್ಟಿಂಗ್ ಬರೆಯುವ ಫೈಲ್) ಪೈಥಾನ್ ಬರೆಯಬಹುದು, ಇದು ನಿಜಕ್ಕೂ ಚೆನ್ನಾಗಿದೆ. ಆದರೆ ಮೇಲ್ ಜಾಸ್ತಿ ಇದ್ದರೆ ನಿಧಾನ. ಹೊಸದಾಗಿ ಹಾಕುವವರು ಆಫ್‌ಲೈನ್‌ಐಮ್ಯಾಪ್3 ನೋಡಿ, ಹಳೆಯದು ಪೈಥಾನ್ 2ರ ಕಾಲದ್ದು.

ನಾನು ಉಳಿಸಿಕೊಂಡದ್ದು ಎಂಬಿಸಿಂಕ್. ಐಸಿಂಕ್ ಅನ್ನೋ ಪ್ಯಾಕೇಜಿನಲ್ಲಿ ಬರುತ್ತದೆ, ಸಿ ಭಾಷೆಯಲ್ಲಿ ಬರೆದದ್ದು, ವೇಗ ಎದ್ದು ಕಾಣುತ್ತದೆ. ಕಾನ್ಫಿಗ್ ಮಾತ್ರ ಮೊದಲಿಗೆ ಗೋಜಲು. 1.4 ಆವೃತ್ತಿಯಿಂದ ಸರ್ವರ್ ಕಡೆಗೆ ಫಾರ್, ನಮ್ಮ ಕಡೆಗೆ ನಿಯರ್ ಅಂತ ಬರೆಯಬೇಕು, ಹಳೆಯ ಲೇಖನಗಳಲ್ಲಿ ಮಾಸ್ಟರ್, ಸ್ಲೇವ್ ಅಂತ ಇರುತ್ತದೆ. ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಓಆತ್ ಟೋಕನ್ ಇದು ತಾನಾಗಿ ತರುವುದಿಲ್ಲ, ಅದಕ್ಕೆ ಬೇರೆ ಸ್ಕ್ರಿಪ್ಟ್ ಬೇಕು. ಇನ್ನೊಂದು, ಫೈಲನ್ನು ಕೈಯಾರೆ ಬೇರೆ ಫೋಲ್ಡರಿಗೆ ಸರಿಸುವಾಗ ಹೆಸರಲ್ಲಿರುವ 'ಯು=' ಸಂಖ್ಯೆ ತೆಗೆಯದಿದ್ದರೆ ಡೂಪ್ಲಿಕೇಟ್ ಯುಐಡಿ (ಮೇಲ್ ಗುರುತಿಸುವ ಸಂಖ್ಯೆ ಎರಡು ಸಲ ಇದೆ) ಅಂತ ಜಗಳ ತೆಗೆಯುತ್ತದೆ. ಇಮ್ಯಾಕ್ಸ್ ಎಡಿಟರ್‌ನಲ್ಲಿ ಮೇಲ್ ಓದುವ ಎಂಯು4ಇ ಬಳಸುವವರಿಗೆ ಇದಕ್ಕೆ ಒಂದು ಸೆಟ್ಟಿಂಗ್ ಇದೆ.

ಜಿಮೇಲ್ ಆದರೆ ಎಲ್ಲ ಲೇಬಲ್ಲಿನ ಮೇಲೂ ಸೇರಿರುವ 'ಆಲ್ ಮೇಲ್' ಫೋಲ್ಡರ್ ಬಿಟ್ಟುಬಿಡಿ, ಇಲ್ಲವೇ ಅದೊಂದನ್ನೇ ಇಳಿಸಿ. ಒಂದೊಂದು ಲೇಬಲ್ಲೂ ಫೋಲ್ಡರ್ ಆಗಿ ಬರುವುದರಿಂದ ಎರಡನ್ನೂ ತಂದರೆ ಒಂದೇ ಮೇಲ್ ಎರಡೆರಡು ಸಲ ಇಳಿಯುತ್ತದೆ.

ಇವನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಸರ್ವರ್‌ನಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ, ಅಲ್ವಾ? ಎಂಬಿಸಿಂಕ್‌ನಲ್ಲಿ 'ಪುಲ್‌ನ್ಯೂ' ಅಂತ ಕೊಟ್ಟು ಇನ್ನೊಂದು ಚಾನೆಲ್ (ಎಲ್ಲಿಂದ ಎಲ್ಲಿಗೆ ಅನ್ನುವ ಜೋಡಿ) ಮಾಡಿ ಬೇರೆ ಡೈರೆಕ್ಟರಿಗೆ ತಂದರೆ ಹೊಸದಷ್ಟೇ ಬರುತ್ತದೆ, ಅಳಿಸಿದ್ದರ ಸುದ್ದಿ ಅಲ್ಲಿಗೆ ತಲುಪುವುದಿಲ್ಲ.